ಜೈನಾಬಿಯ ಬಲಗಾಲು

ಹೋದ ತಿಂಗಳು ಅಫಜಲಪುರದ ಆಸ್ಪತ್ರೆಯಲ್ಲಿ ಒಬ್ಬ ಹೆಣ್ಣುಮಗಳ ಕಾಲಿಗೆ ಪ್ಲಾಸ್ಟರ್ ಹಾಕುತ್ತಿದ್ದೆ. ಹವಳಗಾದ ಕಡೆ ಕಬ್ಬು ಕಡಿಯಲು ಬಂದವಳು. ಕಬ್ಬಿನ ಗಾಡಿಯಿಂದ ಇಳಿಯುವಾಗ ಪಾದ ಹೊರಳಿ ಹರಡಿನ, ಅಂದರೆ ಕಾಲಗಿಣ್ಣಿನ, ಎಲುಬು ಬಿರುಕು ಬಿಟ್ಟಿತ್ತು. ಹೊರಗೆ ಹೊತ್ತಲ್ಲದ ಹೊತ್ತಿನಲ್ಲಿ ಒಂದು ಮಳೆ ಹೊಡೆದು ಹೋಗಿತ್ತು. ಪ್ಲಾಸ್ಟರಿನ ಸುರುಳಿಯನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿದಾಗ ಗುಳ್ಳೆಗಳ ಜೊತೆ ಒಂದು ವಾಸನೆ ಏಳುತ್ತದೆ. ಹೊಸದಾಗಿ ಸುಣ್ಣ ಬಳಿದ ಗೋಡೆಗೆ ಮಳೆ ಬಿದ್ದ ಹಾಗೆ. ಅದು ನೆಲಕ್ಕೆ ಹಾಸಿದ ಒದ್ದೆ ಶಹಾಬಾದ ಕಲ್ಲಿನ ವಾಸನೆಯೊಡನೆ ಬೆರೆತು ಮೂಗಿಗೆ ಬಂತು. ಕೈ ತನ್ನ ಕೆಲಸ ಮಾಡುತ್ತಲೇ ಇತ್ತು. ಮನಸ್ಸು ಮಾತ್ರ ಜೇವರ್ಗಿಗೆ ಹೋಗಿಬಿಟ್ಟಿತು, ನಾನು ಹೊಸದಾಗಿ ಕೆಲಸಕ್ಕೆ ಸೇರಿದ ಆ ಮಳೆಗಾಲಕ್ಕೆ.

ನಾನು ಕೊಳ್ಳೇಗಾಲದ ಕಡೆಯವಳು. ಎಲುಬು-ಕೀಲಿನ ವೈದ್ಯಕೀಯ ಓದಿ ಮುಗಿಸಿದಾಗ ಮೊದಲ ಪೋಸ್ಟಿಂಗು ಜೇವರ್ಗಿಯ ತಾಲೂಕು ಆಸ್ಪತ್ರೆಗೆ ಸಿಕ್ಕಿತು. ಬಸ್ಸಿಳಿದ ದಿನ ಅಲ್ಲಿಯವರು ಮಿರಗ ಅನ್ನುವ ಮೃಗಶಿರಾ ಮಳೆ ಸುರಿದು ನಿಂತಿತ್ತು. ಎರೆಮಣ್ಣಿನ ಗುಣ ನನಗೆ ಗೊತ್ತಿರಲಿಲ್ಲ. ಬಾಡಿಗೆ ಮನೆಗೆ ಹೋಗಲು ಖಾಲಿ ಜಾಗವೊಂದನ್ನು ಹಾದೆ. ನಾಲ್ಕು ಹೆಜ್ಜೆ ಇಡುವುದರಲ್ಲಿ ಚಪ್ಪಲಿಯ ಅಡಿ ಮಣ್ಣು ಮೆತ್ತಿ ಮೆತ್ತಿ ನಾನು ಗೇಣು ಎತ್ತರವಾಗಿದ್ದೆ. ಐದನೇ ಹೆಜ್ಜೆಗೆ ಚಪ್ಪಲಿ ಅಲ್ಲೇ ಉಳಿಯಿತು, ಕಾಲು ಮುಂದೆ ಹೋಯಿತು. ಓಣಿಯ ಕಟ್ಟೆಯ ಮೇಲೆ ಕೂತಿದ್ದ ಅಜ್ಜನೊಬ್ಬ, "ಕೈಯಾಗ ಹಿಡಕೊಂಡು ನಡೀರಿ, ಇಲ್ಲಿ ಹಂಗ" ಅಂದ. ಹಾಗೇ ಮಾಡಿದೆ.

ಆ ಮಳೆಗಾಲವಿಡೀ ನನ್ನ ಮುಂದೆ ಬಂದದ್ದು ಕಾಲುಗಳೇ. ಹಸಿ ಹೊಲದಲ್ಲಿ ನಿಂತು ಬೆರಳ ಸಂದು ಕೊಳೆತವರು, ಜಾಲಿ ಮುಳ್ಳು ಒಳಗೇ ಮುರಿದು ಕೀವು ಕಟ್ಟಿಕೊಂಡವರು, ಉಳುಕಿದ ಹರಡನ್ನು ಯಾರ ಕೈಯಲ್ಲೋ ತಿಕ್ಕಿಸಿ ಎರಡು ಪಟ್ಟು ಬಾವು ಮಾಡಿಕೊಂಡವರು. ಕಾಲು ತೋರಿಸಿ ಅಂದರೆ, "ತಡೀರಿ, ಮಣ್ಣ ತೊಳಕೊಂಡು ಬರ್ತೇನಿ" ಎಂದು ನಲ್ಲಿಗೆ ಓಡುವರು. ತೊಳೆದು ಬಂದ ಪಾದವನ್ನು ನಾನು ನನ್ನ ತೊಡೆಯ ಮೇಲೆ ಇಟ್ಟುಕೊಂಡರೆ ಗಾಬರಿಯಾಗಿ ಎಳೆದುಕೊಳ್ಳುವರು. ನೆಲೋಗಿಯ ಒಬ್ಬ ಮುದುಕಿಯಂತೂ, "ನನ್ನ ಕಾಲ ಮುಟ್ಟತೀಯಲ್ಲ ತಾಯಿ, ನನಗ ಪಾಪ ಬರ್ತದ" ಅಂತ ಕಣ್ಣಲ್ಲಿ ನೀರು ತಂದುಕೊಂಡು, ಹೋಗುವಾಗ ನನ್ನ ತಲೆ ಸವರಿ ಹೋಗಿದ್ದಳು.

ಅಂಥ ಒಂದು ಗುರುವಾರ ಶರಣಮ್ಮ ಬಂದಳು. ಅವಳದೂ ನೆಲೋಗಿ. ಐವತ್ತರ ಆಸುಪಾಸು, ಗಟ್ಟಿ ದನಿ. "ಹಿಂಬಡ ನೋಯ್ತದ್ರಿ. ಮುಂಜಾನಿ ಎದ್ದು ನೆಲಕ್ಕ ಕಾಲಿಟ್ಟರ ಮೊಳಿ ಬಡದಂಗ ಆಗ್ತದ. ನಾಕ ಹೆಜ್ಜಿ ನಡದ ಮ್ಯಾಲ ಸುಮ್ಮ ಆಗ್ತದ." ಅಷ್ಟು ಚೆನ್ನಾಗಿ ಯಾವ ಪುಸ್ತಕವೂ ಹೇಳಲಾರದು. ಅಂಗಾಲಿನ ನಾರಿನ ಬಾವು. ಅವಳಿಗೆ ಗೋಡೆ ಹಿಡಿದು ಮೀನಖಂಡ ಎಳೆಯುವ ವ್ಯಾಯಾಮ ಹೇಳಿಕೊಡಲು ಎದ್ದಾಗ ಅವಳ ಪಕ್ಕದಲ್ಲಿ ಸುಮ್ಮನೆ ನಿಂತಿದ್ದ ಇನ್ನೊಬ್ಬ ಹೆಂಗಸಿನ ಪಾದಗಳು ನನ್ನ ಕಣ್ಣಿಗೆ ಬಿದ್ದವು. ಎಡಗಾಲಿನಲ್ಲಿ ಸಣ್ಣ ಹೆಂಗಸರ ಚಪ್ಪಲಿ. ಬಲಗಾಲಿನಲ್ಲಿ ದೊಡ್ಡ ಗಂಡಸರ ಚಪ್ಪಲಿ.

"ನಿಮ್ಮ ಕಾಲಿಗೆ ಏನಾಗಿದೆ?" ಅಂದೆ.

"ನಂದೇನೂ ಇಲ್ರಿ. ನಾ ಇಕಿ ಸಂಗಾಟ ಬಂದೇನಿ."

"ಸುಳ್ಳ ಹೇಳಬ್ಯಾಡ ಬೇ!" ಶರಣಮ್ಮ ತಿರುಗಿದಳು. "ನೋಡ್ರಿ ಡಾಕ್ಟರಮ್ಮ, ಇಕಿ ಜೈನಾಬಿ. ನಮ್ಮೂರಾಗ ಬಟ್ಟಿ ಹೊಲೀತಾಳ. ನಾ ಗುಂಡಿ ಕಾಜಾ ಹಾಕತೇನಿ. ಇಕಿಗಿ ಭಾಳ ವರ್ಷದಿಂದ ಶುಗರ್ ಅದ. ಕಾಲ ಬಾತೂ ಭಾಳ ದಿನ ಆತು. ಗುಳಿಗಿ ನುಂಗಿದ್ಲು, ಸೂಜಿ ಮಾಡಿಸಿದ್ಲು, ಇಳಿಯವಲ್ದು."

"ಬಾವು ಅದ, ಖರೆ" ಅಂದಳು ಜೈನಾಬಿ, ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಳ್ಳುತ್ತ. "ನೋವಿಲ್ರಿ. ನನ್ನ ಚಪ್ಪಲ್ಯಾಗ ಕಾಲ ಹಿಡಿಯವಲ್ದು, ಅದಕ್ಕ ನಮ್ಮ ಮನಿಯವರದು ಹಾಕ್ಕೊಂಡೇನಿ. ಅವರು ಹೋದ ಮ್ಯಾಲ ಎತ್ತಿಟ್ಟಿದ್ದೆ."

ಬಲವಂತ ಮಾಡಿ ಕೂರಿಸಿದೆ. ಪಾದದ ನಡುಭಾಗ ಉಬ್ಬಿ ಕೆಂಪಾಗಿತ್ತು. ಎಲ್ಲೂ ಗಾಯವಿಲ್ಲ, ಜ್ವರವಿಲ್ಲ. ಹಿಂಗೈ ಇಟ್ಟು ನೋಡಿದೆ. ಒಲೆಯ ಪಕ್ಕದ ಗೋಡೆಯಂತೆ ಬಿಸಿ. ಎಡಗಾಲು ತಣ್ಣಗಿತ್ತು. ಅವಳನ್ನು ಮಂಚದ ಮೇಲೆ ಮಲಗಿಸಿ, ಬಲಗಾಲ ಕೆಳಗೆ ದಿಂಬುಗಳನ್ನು ಒಟ್ಟಿ, ಶರಣಮ್ಮನ ವ್ಯಾಯಾಮ ಮುಗಿಸಿಕೊಂಡು ಬಂದೆ. ಕೆಂಪು ಅರ್ಧಕ್ಕರ್ಧ ಇಳಿದಿತ್ತು. ಕೀವಿನಿಂದ ಬಂದ ಕೆಂಪು ಕಾಲನ್ನು ಎತ್ತಿಟ್ಟ ಮಾತ್ರಕ್ಕೆ ಹೀಗೆ ಇಳಿಯುವುದಿಲ್ಲ.

ಗಾಳದ ದಾರದಂಥ ಒಂದು ನೈಲಾನ್ ಎಳೆ ನಮ್ಮ ಬಳಿ ಇರುತ್ತದೆ, ಅಂಗಾಲಿಗೆ ಸ್ಪರ್ಶ ಇದೆಯೋ ಇಲ್ಲವೋ ನೋಡಲು. ಜೈನಾಬಿಗೆ ಕಣ್ಣು ಮುಚ್ಚಲು ಹೇಳಿ, ಮುಟ್ಟಿದಾಗ ಹೇಳಿ ಅಂದೆ. ಹೆಬ್ಬೆರಳ ಕೆಳಗೆ ಒತ್ತಿದೆ, ಕಿರುಬೆರಳ ಕೆಳಗೆ ಒತ್ತಿದೆ, ಹಿಮ್ಮಡಿಗೆ ಒತ್ತಿದೆ. ಅವಳು ಕಣ್ಣು ಮುಚ್ಚಿಕೊಂಡು ಕಾಯುತ್ತಲೇ ಇದ್ದಳು. ಕೊನೆಗೆ, "ಯಾವಾಗ ಮುಟ್ಟತೀರ್ರಿ?" ಅಂದಳು.

ನೋಡುತ್ತ ನಿಂತಿದ್ದ ಶರಣಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

ಎಕ್ಸ್-ರೇಯಲ್ಲಿ ಪಾದದ ನಡುವಿನ ಸಣ್ಣ ಎಲುಬುಗಳ ಅಂಚು ಮುರಿದು, ಒಂದು ಕೀಲು ಸರಿಯತೊಡಗಿದ್ದು ಕಂಡಿತು. ಈ ರೋಗಕ್ಕೆ ಪುಸ್ತಕದಲ್ಲಿ ಯಾರೋ ಫ್ರೆಂಚ್ ವೈದ್ಯನ ಹೆಸರಿದೆ. ಅದನ್ನು ಅವಳಿಗೆ ಹೇಳಿ ಏನು ಉಪಯೋಗ? ಮಂಚದ ಅಂಚಿಗೆ ಕೂತು ತಿಳಿಯುವ ಹಾಗೆ ಹೇಳಿದೆ. "ನಿಮ್ಮ ಪಾದದೊಳಗೆ ಸಣ್ಣ ಎಲುಬುಗಳು ಮುರೀತಾ ಇವೆ. ಬಹಳ ವರ್ಷದ ಶುಗರಿನಿಂದ ನರಗಳಿಗೆ ಜೋಮು ಹಿಡಿದಿದೆ. ಬೇರೆಯವರಾಗಿದ್ದರೆ ಇಷ್ಟು ಹೊತ್ತಿಗೆ ನೋವಿಗೆ ಕಿರುಚಿ ಹಾಸಿಗೆ ಹಿಡಿದಿರೋರು. ಕಾಲಿಗೆ ವಿಶ್ರಾಂತಿ ಸಿಕ್ಕಿರೋದು. ನೀವು ಮುರಿದ ಕಾಲಿನಲ್ಲೇ ಮೆಷಿನ್ ತುಳೀತಾ ಇದ್ದೀರ."

ಅವಳು ತನ್ನ ಕಾಲನ್ನೇ ನೋಡಿದಳು. "ನೋವಿಲ್ಲಂದ್ರ ಅಲ್ಲಾನ ಮೆಹರಬಾನಿ ಅಂತ ತಿಳಕೊಂಡಿದ್ದೆನ್ರಿ" ಅಂದಳು.

ಆಮೇಲೆ ಇನ್ನೊಂದು ಮಾತು ಹೊರಬಿತ್ತು. ಬೇರೆ ಊರಿನಲ್ಲಿ ತೋರಿಸಿದಾಗ ಯಾರೋ, ಇದು ಒಳಗಿನ ಕೀವು, ಮೇಲಕ್ಕೆ ಏರಿದರೆ ಕಾಲು ತೆಗೆಯಬೇಕಾದೀತು ಅಂದಿದ್ದರಂತೆ. ಅವತ್ತಿನಿಂದ ಅವಳು ಯಾರಿಗೂ ಕಾಲು ತೋರಿಸಿರಲಿಲ್ಲ. ಈಗಲೂ ದೊಡ್ಡ ಆಸ್ಪತ್ರೆಗೆ ಹೋಗಿ ಅಂದರೆ ತಲೆ ಅಲ್ಲಾಡಿಸಿದಳು. "ಇಲ್ಲಿ ಏನ ಮಾಡತೀರಿ ಮಾಡ್ರಿ. ಇಲ್ಲಂದ್ರ ಮನಿಗಿ ಹೋಗತೇನಿ."

ಮಾಡಬೇಕಾದದ್ದು ಒಂದೇ. ಪಾದದಿಂದ ಮಂಡಿಯ ಕೆಳಗಿನವರೆಗೆ ಚರ್ಮಕ್ಕೆ ಒತ್ತಿ ಕೂರುವಂಥ ಪ್ಲಾಸ್ಟರ್ ಹಾಕಿ, ಆ ಕಾಲಿನ ಮೇಲೆ ಭಾರ ಬೀಳದ ಹಾಗೆ ತಿಂಗಳುಗಟ್ಟಲೆ ಕಾಯುವುದು. ವಾರ ವಾರ ಬಿಚ್ಚಿ, ನೋಡಿ, ಮತ್ತೆ ಹಾಕುವುದು. ಓದುವಾಗ ಇಂಥ ಪಾದ ನೋಡಿದ್ದು ಒಂದೆರಡೇ. ಅದೂ ಹಿರಿಯರ ಹಿಂದೆ ನಿಂತು. ನಮ್ಮ ಆಸ್ಪತ್ರೆಯ ಹಿರಿಯ ಡಾಕ್ಟರು ಎಕ್ಸ್-ರೇ ನೋಡಿ ನನ್ನನ್ನು ಪಕ್ಕಕ್ಕೆ ಕರೆದರು. "ಯೋಚನೆ ಮಾಡ್ರಿ. ಒಳಗ ಕೀವೇ ಇತ್ತು ಅಂದ್ರ, ಮ್ಯಾಲ ಪ್ಲಾಸ್ಟರ್ ಮುಚ್ಚಿ ಕುಂತ್ರ, ಕಾಲಷ್ಟೇ ಅಲ್ಲ, ಜೀವಕ್ಕೇ ಕುತ್ತು." ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದೆ. ಕೀವಿನ ಸುಳಿವು ಸಿಗಲಿಲ್ಲ. ನನಗೆ ಕಲಿಸಿದ ಗುರುಗಳಿಗೆ ಫೋನು ಮಾಡಿ ಎಲ್ಲ ವಿವರಿಸಿದೆ. ಅವರು ಒಂದೊಂದೇ ಪ್ರಶ್ನೆ ಕೇಳಿ, ಕೊನೆಗೆ, "ಕಟ್ಟು. ಮೂರು ದಿನಕ್ಕೇ ಬಿಚ್ಚಿ ನೋಡು. ಹೆದರಿಕೆ ಇದ್ದರೆ ಒಳ್ಳೇದೇ, ಹುಷಾರಾಗಿರ್ತೀಯ" ಅಂದರು.

ಕಟ್ಟಿದೆ. ನಮ್ಮ ಪ್ಲಾಸ್ಟರ್ ಕೋಣೆಯ ಹಣಮಂತ ಸುರುಳಿ ಅದ್ದಿ ಹಿಂಡಿ ಕೊಡುತ್ತಿದ್ದ, ನಾನು ಅಂಗೈಯಿಂದ ಸವರುತ್ತ ಪಾದದ ಕಮಾನಿಗೆ ಆಕಾರ ಕೊಡುತ್ತಿದ್ದೆ. ಬೆರಳ ಗುರುತು ಉಳಿಯಬಾರದು. ಒಳಗೆ ಒತ್ತಿದರೂ ಅವಳಿಗೆ ಗೊತ್ತಾಗುವುದಿಲ್ಲ. ಜೈನಾಬಿ ಎಲ್ಲವನ್ನೂ ನೋಡುತ್ತಿದ್ದಳು. "ಕುಪ್ಪಸದ ತೋಳ ಕೂಡಿಸಿದಂಗ ಮಾಡತೀರಿ" ಅಂದಳು. ಅವತ್ತು ಅವಳು ನಕ್ಕದ್ದು ಅದೊಂದೇ ಸಲ. ಕಾಲು ನೆಲಕ್ಕೆ ಊರಬಾರದು, ವಾಕರ್ ಹಿಡಿದು ಕುಂಟಬೇಕು, ತಿಂಗಳುಗಟ್ಟಲೆ ಮೆಷಿನ್ ಮುಟ್ಟಬಾರದು ಎಂದಾಗ ನಗು ಮಾಯವಾಯಿತು. ಶಾಲೆ ಶುರುವಾಗಿತ್ತು. ಊರಿನ ಹುಡುಗರ ಯೂನಿಫಾರ್ಮ್ ಬಟ್ಟೆ ಅವಳ ಮನೆಯಲ್ಲಿ ಗುಡ್ಡೆ ಬಿದ್ದಿತ್ತು.

"ಮಿಷನ್ ನಾ ತುಳೀತೇನಿ" ಅಂದಳು ಶರಣಮ್ಮ.

"ನಿನಗ ಸೀದಾ ಹೊಲಿಗಿ ಬರ್ತದೇನ?"

"ಬರದಿದ್ರ ನೀ ಯಾಕ ಇದ್ದಿ? ಬಾಜೂಕ ಕುಂತು ಬಯ್ಯಿ. ಬಾಯಿಗಿ ಏನ ಪ್ಲಾಸ್ಟರ್ ಹಾಕ್ಯಾರೇನು?"

ಮೂರು ದಿನ ನಾನು ಊಟ ಸರಿಯಾಗಿ ಮಾಡಲಿಲ್ಲ. ಭಾನುವಾರ ಹಣಮಂತನೂ ನಾನೂ ಪ್ಲಾಸ್ಟರ್ ಕತ್ತರಿಸಿದೆವು. ಎರಡು ಹೋಳುಗಳನ್ನು ಬಿಡಿಸಿದೆವು. ಪಾದ ಇಳಿದಿತ್ತು, ಕೆಂಪು ಮಾಸಿತ್ತು. ಬಿಗಿದುಕೊಂಡು ಮಿಂಚುತ್ತಿದ್ದ ಚರ್ಮದ ಮೇಲೆ ಸಣ್ಣ ಸಣ್ಣ ಸುಕ್ಕುಗಳು ಮೂಡಿದ್ದವು. ಸುಕ್ಕು ನೋಡಿ ಅಷ್ಟು ಖುಷಿಪಟ್ಟವಳು ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು. ಹಿರಿಯ ಡಾಕ್ಟರು ಬಂದು ಹಿಂಗೈ ಇಟ್ಟು ನೋಡಿ, "ಹೂಂ, ಮುಂದುವರಸ್ರಿ" ಎಂದು ಹೋದರು.

ಅಲ್ಲಿಂದ ಗುರುವಾರ ಗುರುವಾರ ನೆಲೋಗಿಯ ಬಸ್ಸಿನಿಂದ ಅವರಿಬ್ಬರೂ ಇಳಿಯುತ್ತಿದ್ದರು. ಪ್ಲಾಸ್ಟರ್ ನೆನೆಯಬಾರದೆಂದು ಜೈನಾಬಿಯ ಕಾಲಿಗೆ ಯೂರಿಯಾ ಚೀಲ ಕಟ್ಟಿರುತ್ತಿತ್ತು. ಮೇಲೆ ಕೊಡೆ ಹಿಡಿದ ಶರಣಮ್ಮ ತಾನು ಪೂರ್ತಿ ನೆನೆದಿರುತ್ತಿದ್ದಳು. ನಾನು ಪ್ಲಾಸ್ಟರ್ ಬಿಚ್ಚಿ ಹಾಕುವವರೆಗೂ ಇಬ್ಬರ ಜಗಳ ನಡೆದಿರುತ್ತಿತ್ತು. ಶರಣಮ್ಮ ಹೊಲಿದ ಅಂಗಿಗಳಲ್ಲಿ ಕಿಸೆ ಒಂದು ಕಡೆ ವಾಲಿರುತ್ತಿದ್ದವಂತೆ. "ನೋಡ್ರಿ ಡಾಕ್ಟರಮ್ಮ, ಹೆಡ್ಮಾಸ್ತರ್ ಕೇಳಾಕತ್ತಾರ, ನಮ್ಮ ಸಾಲ್ಯಾಗ ಮಕ್ಕಳೆಲ್ಲ ಸೊಟ್ಟ ನಿಂತಂಗ ಯಾಕ ಕಾಣ್ತಾರ ಅಂತ!" ಜೈನಾಬಿ ಹೇಳುವಾಗ ಶರಣಮ್ಮನೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು. ತೊಗರಿ ಮೊಳಕಾಲೆತ್ತರ ಬಂತು. ನನ್ನ ಬಾಯಿಗೂ "ಹೌದ್ರಿ", "ಬರ್ರಿ" ಹತ್ತಿದವು. ಬಲಪಾದದ ಬಿಸಿ ವಾರದಿಂದ ವಾರಕ್ಕೆ ಇಳಿಯುತ್ತಿತ್ತು. ಶುಗರೂ ಹತೋಟಿಗೆ ಬರುತ್ತಿತ್ತು. ನಾನು ಗೆದ್ದೆ ಅಂದುಕೊಂಡೆ.

ಒಂದು ಗುರುವಾರ ಅವರು ಬರಲಿಲ್ಲ. ಅವತ್ತು ಮಳೆ ಜೋರಾಗಿತ್ತು, ಹಳ್ಳ ತುಂಬಿ ಬಸ್ಸು ನಿಂತಿರಬಹುದು ಅಂದುಕೊಂಡೆ. ಮುಂದಿನ ಗುರುವಾರವೂ ಬರಲಿಲ್ಲ. ಫೋನು ಎತ್ತಲಿಲ್ಲ. ಸ್ಪರ್ಶವಿಲ್ಲದ ಕಾಲಿನ ಮೇಲೆ ಹಳೆಯ ಪ್ಲಾಸ್ಟರ್ ಸಡಿಲಾಗಿ ಉಜ್ಜತೊಡಗಿದರೆ ಒಳಗೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಮರುದಿನ ಡ್ಯೂಟಿ ಮುಗಿಸಿ ನೆಲೋಗಿಯ ಬಸ್ಸು ಹತ್ತಿದೆ.

ಶರಣಮ್ಮ ಒಬ್ಬಳೇ ಮೆಷಿನ್ ಮುಂದೆ ಕೂತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು. "ಆಳಂದಕ್ಕ ಹೋಗ್ಯಾಳ್ರಿ. ಅಕಿ ಮಗಳು ರಜಿಯಾನ ಅಲ್ಲಿ ಕೊಟ್ಟದ. ಬಾಣಂತನಕ್ಕ ಇಲ್ಲಿಗೇ ಕರಕೊಂಡ ಬರೋದಿತ್ತು. ದಿನ ತುಂಬೂಕಿಂತ ಮೊದಲೇ ಬ್ಯಾನಿ ಬಂದು ಗಂಡು ಕೂಸು ಹುಟ್ಟ್ಯದ. ಅತ್ತಿ ಇಲ್ಲ ಆ ಮನ್ಯಾಗ, ತೀರಿ ಭಾಳ ದಿನ ಆತು. ಬಾಣಂತಿನ ನೋಡಾವರು ಯಾರು? ಸುದ್ದಿ ಕೇಳಿದ ಕೂಡ್ಲೆ ಚೀಲ ಕಟಗೊಂಡು ಬಸ್ಸ ಹತ್ತಿದಳು. ನೀವು ಬ್ಯಾಡ ಅಂತೀರಿ ಅಂತ ನಿಮಗ ಹೇಳಗೊಡಲಿಲ್ರಿ ನನಗ."

ಭಾನುವಾರ ಬೆಳಿಗ್ಗೆ ಪ್ಲಾಸ್ಟರ್ ಸುರುಳಿ, ಕತ್ತರಿ, ಹತ್ತಿ, ಔಷಧಿ ಎಲ್ಲ ಒಂದು ಚೀಲಕ್ಕೆ ತುಂಬಿ ಕಲಬುರಗಿಯಲ್ಲಿ ಬಸ್ಸು ಬದಲಿಸಿ ಆಳಂದಕ್ಕೆ ಹೋದೆ. ಶರಣಮ್ಮನೂ ಜೊತೆಗೆ ಬಂದಳು. ಬಜಾರಿನ ಹಿಂದಿನ ಓಣಿ, ಹಸಿರು ಬಾಗಿಲ ಮನೆ. ಬಾಗಿಲು ತೆರೆದಿತ್ತು. ಜೈನಾಬಿ ಕುದಿಯುವ ನೀರಿನ ಬೋಗುಣಿ ಎರಡೂ ಕೈಯಲ್ಲಿ ಹಿಡಿದು ಬಚ್ಚಲಿಗೆ ಹೋಗುತ್ತಿದ್ದಳು. ವಾಕರ್ ಗೋಡೆಗೆ ಒರಗಿತ್ತು. ಪ್ಲಾಸ್ಟರಿನ ತಳ ಸವೆದು, ನೆನೆದು, ಹಳೆಯ ಹತ್ತಿಯಂತೆ ಎಳೆ ಎಳೆಯಾಗಿ ನೆಲಕ್ಕೆ ಎಳೆಯುತ್ತಿತ್ತು.

ನಮ್ಮನ್ನು ನೋಡಿ ಬೋಗುಣಿ ಕೆಳಗಿಟ್ಟಳು. "ಬರ್ರಿ" ಅಂದಳು.

ರಜಿಯಾ ಮಂಚದ ಮೇಲೆ ಕೂಸಿಗೆ ಹಾಲು ಕುಡಿಸುತ್ತಿದ್ದಳು. ಅದೇ ಮಂಚದ ತುದಿಗೆ ಜೈನಾಬಿಯನ್ನು ಕೂರಿಸಿ, ಪ್ಲಾಸ್ಟರ್ ನೆನೆಸಿ ಕತ್ತರಿಸಿದೆ. ಬಿಡಿಸಿದಾಗ ಕೆಟ್ಟ ವಾಸನೆ ಬರದಿದ್ದುದಕ್ಕೆ ಮೊದಲು ಸಮಾಧಾನವಾಯಿತು. ಪಾದ ಮತ್ತೆ ಬಾತಿತ್ತು. ಮತ್ತೆ ಬಿಸಿ. ಒಳಹರಡಿನ ಮೇಲೆ ಚರ್ಮ ಉಜ್ಜಿ ಉಜ್ಜಿ ಒಂದು ಹುಣ್ಣಾಗಿತ್ತು, ಹುಣಸೆ ಬೀಜದಷ್ಟು. ಅವಳಿಗೆ ಅದರ ಅರಿವೇ ಇರಲಿಲ್ಲ. ಬಗ್ಗಿ ನೋಡಿ, "ಇದು ಯಾವಾಗ ಆತು?" ಎಂದು ನನ್ನನ್ನೇ ಕೇಳಿದಳು.

ನಾನು ಹುಣ್ಣು ತೊಳೆಯುತ್ತಿದ್ದೆ. ಆಳ ಇರಲಿಲ್ಲ, ಎಲುಬು ಮುಟ್ಟಿರಲಿಲ್ಲ.

"ಖರೆ ಹೇಳ್ರಿ" ಅಂದಳು ಜೈನಾಬಿ. "ಕಾಲ ತಗೀಬೇಕಾಗ್ತದೇನು?"

"ಇವತ್ತು ಇಲ್ಲ" ಅಂದೆ. "ಈ ಹುಣ್ಣು ವಾಸಿಯಾಗುತ್ತೆ. ಆದರೆ ಹೀಗೇ ನಡೀತಾ ಇದ್ದರೆ ಎಲುಬುಗಳು ಪೂರ್ತಿ ಕುಸಿದು ಪಾದ ದೋಣಿ ತಳದ ಹಾಗಾಗುತ್ತೆ. ಅದರ ಮೇಲೆ ದೊಡ್ಡ ಗಾಯವಾಗುತ್ತೆ. ಆಗ ನಾನು ಏನೂ ಮಾಡೋಕಾಗಲ್ಲ."

ರಜಿಯಾ ಕೂಸನ್ನು ಎದೆಯಿಂದ ಬಿಡಿಸಿದಳು. ಅವಳಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ ಇರಬಹುದು. ಮುಖ ಬಿಳಿಚಿತ್ತು. "ಅಮ್ಮಿ, ಕಾಲ ಉಳಕ್ಯದ ಅಂತ ಹೇಳಿದ್ದಿ ನನಗ."

"ಬಸುರಿ ಹೆಣ್ಮಗಳಿಗಿ ಮತ್ತೇನಂತ ಹೇಳಲಿ?"

"ಹತ್ತು ದಿನ ನನ್ನ ನೀರ ಕಾಸಿದಿ, ಅರಿವಿ ಒಗದಿ, ನಾ ಮಲಕೊಂಡು ನೋಡಿದೆ. ನಿನ್ನ ಕಾಲ ಹೋಗಿದ್ರ ನಾ ಈ ಕೂಸಿನ ಮಾರಿ ಹ್ಯಾಂಗ ನೋಡಲಿ?" ಅಳುತ್ತಲೇ ಅವಳು ಕೂಸನ್ನು ತಾಯಿಯ ತೊಡೆಯ ಮೇಲೆ ಇಟ್ಟಳು. "ತಗೋ. ಇವತ್ತಿನಿಂದ ನಿನಗ ಇದೊಂದೇ ಕೆಲಸ. ಕುಂತಲ್ಲೇ ಹಿಡಕೋ. ಇವನ್ನ ಎತಗೊಂಡು ಒಂದು ಹೆಜ್ಜಿ ಇಟ್ಟಿ ಅಂದ್ರ ನಾ ನಿನ್ನ ಕೂಡ ಮಾತಾಡಾಂಗಿಲ್ಲ."

"ಮನಿ ಕೆಲಸ ಯಾರು ಮಾಡ್ತಾರ?"

ಆಗ ಬಾಗಿಲಲ್ಲಿ ನಿಂತಿದ್ದ ಶರಣಮ್ಮ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಕೆಳಗಿದ್ದ ನೀರಿನ ಬೋಗುಣಿ ಎತ್ತಿಕೊಂಡು ಬಚ್ಚಲಿಗೆ ನಡೆದಳು. "ನನ್ನ ಹಿಂಬಡ ಈಗ ನೋಯಂಗಿಲ್ಲ" ಎಂದು ಒಳಗಿನಿಂದಲೇ ಕೂಗಿದಳು.

ಶರಣಮ್ಮ ಆಳಂದದಲ್ಲಿ ನಿಂತದ್ದು ಬಾಣಂತನದ ನಲವತ್ತು ದಿನ ಮುಗಿಯುವವರೆಗೆ. ನೆಲೋಗಿಯಲ್ಲಿ ಅವಳ ಗಂಡ, ಮಕ್ಕಳು ರೊಟ್ಟಿ ತಾವೇ ಬಡಿದುಕೊಂಡರು. ಆಮೇಲೆ ರಜಿಯಾಳ ಗಂಡ ನೀರು ತುಂಬುವುದು, ಅರಿವೆ ಒಗೆಯುವುದು ಕಲಿತ. ಬಜಾರಿನಲ್ಲಿ ಮೊಬೈಲ್ ರಿಪೇರಿ ಮಾಡುವ ಹುಡುಗ. ಓಣಿಯ ಜನ ಕಿಚಾಯಿಸಿದರೆ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ನಾನು ಭಾನುವಾರಗಳಂದು ಆಳಂದಕ್ಕೆ ಹೋಗತೊಡಗಿದೆ. ಅಲ್ಲಿಯ ತಾಲೂಕು ಆಸ್ಪತ್ರೆಯ ಡಾಕ್ಟರು ತಮ್ಮ ಪ್ಲಾಸ್ಟರ್ ಕೋಣೆ ಬಿಟ್ಟುಕೊಟ್ಟರು. ಮೊದಲು ಹುಣ್ಣು ಮಾಯಿತು. ಪಾದದ ಬಿಸಿ ನಿಧಾನಕ್ಕೆ ಇಳಿಯಿತು, ಒಮ್ಮೆ ಏರಿತು, ಮತ್ತೆ ಇಳಿಯಿತು.

ಜೈನಾಬಿ ಕುಳಿತದ್ದು ಕುಳಿತೇ ಇದ್ದಳು. ಅವಳಿಗದು ಸುಲಭವಾಗಿರಲಿಲ್ಲ. ಹನ್ನೆರಡನೇ ವಯಸ್ಸಿಗೆ ಸೂಜಿ ಹಿಡಿದವಳು, ಗಂಡ ಹೋದ ಮೇಲೆ ಮೆಷಿನ್ ತುಳಿದೇ ಮಗಳನ್ನು ಓದಿಸಿ ಮದುವೆ ಮಾಡಿದವಳು. ಮಂಚದ ಮೇಲೆ ಕಾಲು ಚಾಚಿ ಕೂತು ಬೇರೆಯವರು ಕಸ ಗುಡಿಸುವುದನ್ನು ನೋಡುವಾಗ ಅವಳ ಕೈಬೆರಳು ಸುಮ್ಮನೆ ಆಡುತ್ತಿದ್ದವು. ಒಂದು ಭಾನುವಾರ ನಾನು ಹೋದಾಗ ಮುಖ ಗೋಡೆಗೆ ತಿರುಗಿಸಿ ಮಲಗಿದ್ದಳು. "ಕಾಲ ಇದ್ದೂ ಇಲ್ಲದಂಗ ಆತು. ಇದಕ್ಕಿಂತ ತಗಸಿಬಿಟ್ಟಿದ್ರ ಛಲೋ ಇತ್ತು" ಅಂದಳು. ನಾನು ಪಕ್ಕದಲ್ಲಿ ಕೂತೆ. ಕೂಸು ತೊಟ್ಟಿಲಲ್ಲಿ ಎದ್ದು ಅತ್ತಿತು. ರಜಿಯಾ ಬಚ್ಚಲಲ್ಲಿದ್ದಳು. ಜೈನಾಬಿ ಸ್ವಲ್ಪ ಹೊತ್ತು ಕೇಳಿಸದವಳಂತೆ ಮಲಗಿದ್ದು, ಆಮೇಲೆ ಎದ್ದು ಕೂತು ಕೈ ಚಾಚಿದಳು. ನಾನು ಕೂಸನ್ನು ತಂದು ಕೊಟ್ಟೆ. ಅದು ಅವಳ ಮೂಗನ್ನು ನೋಡುತ್ತ ಸುಮ್ಮನಾಯಿತು. "ಇಂವನ ಸಲುವಾಗಿ ಕುಂಡ್ರತೇನ್ರಿ" ಅಂದಳು. "ಹೇಳಿದಷ್ಟು ದಿನ ಕುಂಡ್ರತೇನಿ."

ಮುಂದಿನ ಸಲ ಹೋದಾಗ ಶರಣಮ್ಮ ನೆಲೋಗಿಯಿಂದ ಚೂರು ಬಟ್ಟೆಗಳ ಗಂಟು ತಂದು ಕೊಟ್ಟಿದ್ದಳು. ಜೈನಾಬಿ ಅವನ್ನು ಜೋಡಿಸಿ ಕೂಸಿಗೆ ಕೌದಿ ಹೊಲಿಯಲು ಶುರುಮಾಡಿದ್ದಳು. ಮೊದಲನೆಯದು ಮುಗಿಯುವುದರಲ್ಲಿ ಓಣಿಯ ಬಾಣಂತಿಯರು ತಮಗೂ ಬೇಕೆಂದು ಬಂದರು. ಮಂಚದ ಸುತ್ತ ಹೆಂಗಸರು ಕೂತು ಹರಟತೊಡಗಿದರು. ಆ ಮನೆಗೆ ಹೋದರೆ ಈಗ ಡಾಕ್ಟರಿಗೆ ಕೂರಲು ಜಾಗವಿರುತ್ತಿರಲಿಲ್ಲ. ಅವರಲ್ಲೇ ಇಬ್ಬರ ಕಾಲು ಜೋಮು ಹಿಡಿದಿದ್ದವು. ಜೈನಾಬಿಯೇ ಕೇಳಿ ತಿಳಿದು ನನಗೆ ತೋರಿಸಿದಳು.

ಮಳೆ ಹಿಂದೆ ಸರಿಯಿತು. ಆಳಂದದ ದಾರಿಯ ಎರಡೂ ಕಡೆ ತೊಗರಿ ಹೂ ಬಿಟ್ಟು ಹಳದಿಯಾಯಿತು, ಆಮೇಲೆ ಕಾಯಿ ಕಟ್ಟಿತು. ಬೆಳಗಿನ ಬಸ್ಸಿನ ಕಿಟಕಿಯಲ್ಲಿ ಚಳಿ ಬರತೊಡಗಿದ ಹೊತ್ತಿನ ಒಂದು ಭಾನುವಾರ ನಾನು ಪ್ಲಾಸ್ಟರ್ ಬಿಚ್ಚಿ, ಹಿಂಗೈಯನ್ನು ಬಲಪಾದಕ್ಕೆ ಇಟ್ಟೆ, ಎಡಪಾದಕ್ಕೆ ಇಟ್ಟೆ, ಮತ್ತೆ ಬಲಕ್ಕೆ ಇಟ್ಟೆ. ಯಾವುದು ಯಾವುದೆಂದು ತಿಳಿಯಲಿಲ್ಲ. ಎರಡೂ ಒಂದೇ ತಣ್ಣಗೆ. ಅವಸರ ಮಾಡದೆ ಇನ್ನೂ ಕೆಲವು ವಾರ ಕಾದೆ. ಆಮೇಲಿನ ಎಕ್ಸ್-ರೇಯಲ್ಲಿ ಮುರಿದ ಅಂಚುಗಳು ಕೂಡಿಕೊಂಡು ಬಿಳಿಯಾಗಿ ಗಟ್ಟಿಯಾಗಿದ್ದವು. ಪಾದದ ಕಮಾನು ಮೊದಲಿನಷ್ಟು ಇರ‍ಲಿಲ್ಲ, ತುಸು ಚಪ್ಪಟೆಯಾಗಿತ್ತು. ಆದರೆ ನೆಲದ ಮೇಲೆ ಸರಿಯಾಗಿ ಕೂರುವ ಪಾದ ಅದು.

ಜೇವರ್ಗಿಯಲ್ಲಿ ಚಪ್ಪಲಿ ಮಾಡುವ ಒಬ್ಬರನ್ನು ಹುಡುಕಿ, ಪಾದದ ಅಳತೆ ಕೊಟ್ಟು, ಮೆತ್ತನೆಯ ರಬ್ಬರಿನ ಒಳ ಅಟ್ಟೆ, ಕೆಳಗೆ ಬಾಗದ ಗಟ್ಟಿ ತಳ, ಹಿಂದೆ ಪಟ್ಟಿ ಇರುವ ಜೊತೆ ಮಾಡಿಸಿದೆ. ಅದನ್ನು ಹಾಕಿಕೊಂಡು ಜೈನಾಬಿ ಮೊದಲ ದಿನ ಮಂಚದಿಂದ ಬಾಗಿಲವರೆಗೆ ವಾಕರ್ ಹಿಡಿದು ನಡೆದಳು. ದಿನಕ್ಕಿಷ್ಟು ಎಂದು ನಡಿಗೆ ಹೆಚ್ಚಿಸಿದೆವು. ಪ್ರತಿ ಸಂಜೆ ರಜಿಯಾ ತಾಯಿಯ ಎರಡೂ ಪಾದ ಮುಟ್ಟಿ ನೋಡಿ, ಅಂಗಾಲಿನ ಕೆಳಗೆ ಕನ್ನಡಿ ಹಿಡಿದು ಗಾಯ ಇದೆಯೇ ಎಂದು ಹುಡುಕಿ, ನನಗೆ ಫೋನು ಮಾಡುತ್ತಿದ್ದಳು. "ತಣ್ಣಗ ಅದ ಮೇಡಂ." ಆ ಚಳಿಗಾಲದಲ್ಲಿ ನನಗೆ ಅದಕ್ಕಿಂತ ಸವಿಯಾದ ಮಾತು ಬೇರೆ ಇರಲಿಲ್ಲ.

ಹೊಲದಲ್ಲಿ ಪೂಜೆ ಮಾಡಿ ಉಣ್ಣುವ ಎಳ್ಳಮಾವಾಸ್ಯೆ ಮುಗಿದ ಮರು ಭಾನುವಾರ ನಾನು ಆಳಂದಕ್ಕೆ ಹೋದಾಗ ಶರಣಮ್ಮ ನೆಲೋಗಿಯಿಂದ ಬಂದು ಕೂತಿದ್ದಳು. ಸಜ್ಜಿ ರೊಟ್ಟಿ ಕಟ್ಟಿಕೊಂಡು ಬಂದಿದ್ದಳು. ಹೊಲದ ಕಾಯಿಪಲ್ಯ, ಹಸಿ ಕಾಳು ಎಲ್ಲ ಹಾಕಿದ ಭಜ್ಜಿಯನ್ನು ಡಬ್ಬಿಯಲ್ಲಿ ತುಂಬಿ ತಂದಿದ್ದಳು. ನಾನು ಜೈನಾಬಿಯ ಕಾಲು ನೋಡಿದೆ. ವಾಕರ್ ಈಗ ಬೇಡ, ಚಪ್ಪಲಿ ಮಾತ್ರ ಮನೆಯೊಳಗೂ ಬಿಡಬೇಡಿ ಅಂದೆ. ಮೆಷಿನ್‌ಗೆ ಮೋಟಾರು ಹಾಕಿಸಿಕೊಂಡು, ಎಡಗಾಲಿನಿಂದ ಒತ್ತಿ ಹೊಲಿಯಬಹುದು ಅಂದೆ. ಅವಳು ಎಲ್ಲದಕ್ಕೂ ತಲೆಯಾಡಿಸಿದಳು. ಏನೋ ಕೇಳಬೇಕೆಂದು ತಡೆದುಕೊಂಡವಳಂತಿದ್ದಳು. ಮೊಮ್ಮಗ ಸಮೀರ ಅವಳ ತೊಡೆಯ ಮೇಲೆ ಕೂತು ಬಾಗಿಲ ಬೆಳಕಿನ ಕಡೆ ಜಗ್ಗುತ್ತಿದ್ದ. ಐದು ತಿಂಗಳ ಕೂಸು, ಕತ್ತು ಗಟ್ಟಿಯಾಗಿತ್ತು.

"ಡಾಕ್ಟರಮ್ಮ" ಅಂದಳು ಕೊನೆಗೆ. "ಇಂವನ್ನ ಎತಗೊಂಡು ನಡೀಬಹುದೇನ್ರಿ?"

ನಾನು ರಜಿಯಾಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. "ಮೇಡಂ ಹ್ಞೂಂ ಅಂದ್ರ" ಅಂದಳು.

"ನಡೀರಿ" ಅಂದೆ. "ನಿಧಾನಕ್ಕೆ."

ಜೈನಾಬಿ ಮೊದಲು ಚಪ್ಪಲಿಯ ಪಟ್ಟಿ ಬಿಗಿಯಾಗಿದೆಯೇ ಎಂದು ಬಗ್ಗಿ ಮುಟ್ಟಿ ನೋಡಿದಳು. ಕೂಸನ್ನು ಎಡ ಹೆಗಲಿಗೆ ಹಾಕಿಕೊಂಡಳು. ಎದ್ದು ನಿಂತು ಒಂದು ಗಳಿಗೆ ಹಾಗೇ ನಿಂತಳು. ಶರಣಮ್ಮ ಹಿಡಿಯಲು ಕೈ ಚಾಚಿದವಳು ಹಿಂದೆ ತೆಗೆದುಕೊಂಡಳು. ಬಲಗಾಲು ಮುಂದೆ ಬಂತು, ಎಡಗಾಲು ಬಂತು. ಮಂಚ ದಾಟಿ, ವಾಕರ್ ದಾಟಿ, ಹೊಸ್ತಿಲ ಬಳಿ ಚೌಕಟ್ಟು ಹಿಡಿದು ಇಳಿದು ಅವಳು ಅಂಗಳದ ಬಿಸಿಲಿಗೆ ಹೋದಳು. ನಾವು ಮೂವರೂ ಬಾಗಿಲಿಗೆ ಬಂದು ನಿಂತೆವು. ಹೆಗಲ ಮೇಲಿನ ಕೂಸು ಓಣಿಯ ಮೇಕೆಗಳನ್ನೂ, ಸೈಕಲ್ಲುಗಳನ್ನೂ, ಎದುರು ಮನೆಯ ಹಗ್ಗದ ಮೇಲೆ ಹಾರಾಡುವ ಅರಿವೆಗಳನ್ನೂ ಕಣ್ಣರಳಿಸಿ ನೋಡುತ್ತಿತ್ತು. ಜೈನಾಬಿ ಒಂದೊಂದನ್ನೇ ಬೆರಳು ಮಾಡಿ ತೋರಿಸುತ್ತ ಅದರ ಕಿವಿಯಲ್ಲಿ ಹೆಸರು ಹೇಳುತ್ತ ಹೋದಳು.